ಎಂತಾ ಮರ ಇದು

ನಾನು ಕೆತ್ತಿದ ಕಂಬ ನೋಡಲು
ನಾನೇ ಇಪ್ಪತ್ತು ರೂಪಾಯಿ ಕೊಟ್ಟೆ.
ಗೇಟಿನ ತಾಂಡೇಲನಿಗೆ ನನ್ನ ಗುರುತಿಲ್ಲ;
ಕೈಯಲ್ಲಿದ್ದ ಗೇರೆಣ್ಣೆ ಡಬ್ಬಿ ಮೂಸಿ,
'ಒಳಗೆ ಅಡುಗೆ ಗಿಡುಗೆ ಮಾಡೂಕಿಲ್ಲ' ಅಂದ.

ಶಿರಸಿಯಿಂದ ಮೊದಲ ಬಸ್ಸು. ದೇವಿಮನೆ ಘಟ್ಟ ಇಳಿಯುವಾಗ
ಗಂವ್ ಅಂದ ಕಿವಿ ಕಾರವಾರದಲ್ಲೂ ಬಿಟ್ಟಿರಲಿಲ್ಲ.
ಹಾಗಾಗಿ ಕಡಲು ನನಗೆ ದೂರದಲ್ಲಿ,
ಯಾರದೋ ಮನೆಯೊಳಗೆ ಕೂಗಿದಂತೆ ಕೇಳುತ್ತಿತ್ತು.

ಗಾಳಿಮರದ ತೋಪು. ಕಾಲಡಿ ಸೂಜಿಯೆಲೆ, ಉಸುಕು, ಐಸ್‌ಕ್ರೀಮಿನ ಕಡ್ಡಿ.
ನಡುವೆ ಹನ್ನೊಂದು ಕಂಬ, ಕಡಲಿಗೆ ಬೆನ್ನು ಹಾಕಿ.
ಇಲಾಖೆಯ ಆರ್ಡರು: ಬಳಿಗೊಂದು ಕಂಬ.
ಕಡವೆ ಬಳಿಗೆ ಕಡವೆ, ಆಮೆ ಬಳಿಗೆ ಆಮೆ.
ತಮ್ಮ ಬಳಿಯ ಪ್ರಾಣಿಯನ್ನು ಕೊಲ್ಲದವರ,
ತಮ್ಮ ಬಳಿಯ ಮರಕ್ಕೆ ಕತ್ತಿ ಮುಟ್ಟಿಸದವರ
ನೆನಪಿಗಾಗಿ,
ಅಂತ ಹಲಗೆಯಲ್ಲಿ ಬರೆದಿದೆ.
ಬದುಕಿರುವವರ ನೆನಪಿಗಾಗಿ.

ಮರದ ಬಳಿಯವರಿಗೆ ಕಂಬವಿಲ್ಲ.
'ಮರದಲ್ಲಿ ಮರ ಕೆತ್ತಿದರೆ ಏನು ಕಾಣುತ್ತದೆ?' ಅಂದಿದ್ದರು ರೇಂಜರ್ ಸಾಹೇಬರು.
ನಾನೂ ನಕ್ಕಿದ್ದೆ, ಮುಂಗಡದ ಚೆಕ್ಕು ಕಿಸೆಯಲ್ಲಿತ್ತು.

ಗಂಧದ ಪೆಟ್ಟಿಗೆಯ ಮುಚ್ಚಳದಲ್ಲಿ
ಉಗುರಿನಷ್ಟು ಆನೆ ಕೂರಿಸುವ ಗುಡಿಗಾರರು ನಾವು.
ಹದಿನಾಲ್ಕು ಅಡಿಯ ದಿಮ್ಮಿ ಅಂಗಳಕ್ಕೆ ಬಂದ ದಿನ
ಉಳಿಗಳೆಲ್ಲ ಮಕ್ಕಳಾಟಿಕೆಯಂತೆ ಕಂಡಿದ್ದವು.

ಉಪ್ಪುಗಾಳಿಗೆ ಕಡವೆ ಸೀಳಿತ್ತು,
ಹಣೆಯಿಂದ ಕೊರಳವರೆಗೆ, ಬೆರಳು ಹೋಗುವಷ್ಟು.
ಮಂಡಿಯೂರಿ ಡಬ್ಬಿಯ ಮುಚ್ಚಳ ತಿರುವುವಾಗ
ಪಕ್ಕದಲ್ಲಿ ಕರಿಮಣಿ ಸದ್ದು.
ಸಂತೆ ಮುಗಿಸಿ ಬಂದವಳು; ಬುಟ್ಟಿಯಲ್ಲಿ
ಮಾರದೆ ಉಳಿದ ಎರಡು ಕಟ್ಟು ಹರಿವೆ.
ಹಮ್ಮಿ ಗೌಡ, ಅಂಕೋಲೆ ಕಡೆಯ ಕೊಪ್ಪದವಳು.
ಕಡವೆಯ ಕಾಲು ಸವರುತ್ತ ಕೇಳಿದಳು:
'ಎಂತಾ ಮರ ಇದು?'

ಕೆತ್ತಿದವನಿಗೆ ಅಷ್ಟು ಸಾಕು.
'ಶಿವನಿ ಅಲ್ಲವಾ! ಉಳಿಗೆ ಬೆಣ್ಣೆ.
ಹನ್ನೊಂದೂ ಶಿವನಿಯೇ.'

ಕೆಂಡ ಮುಟ್ಟಿದವಳಂತೆ ಅಲ್ಲ,
ಮಲಗಿದವರ ಮೇಲಿಂದ ತೆಗೆಯುವ ಹಾಗೆ
ಮೆಲ್ಲಗೆ ಕೈ ತೆಗೆದಳು.
'ನಮ್ದು ಶಿವನಿ ಬಳಿ.'

ತಾಂಡೇಲನ ಸೀಟಿ ಯಾರ ಮೇಲೋ ಊದಿತು.
ಕಡವೆಯ ಬೆನ್ನೇರಿದ್ದ ಹುಡುಗನೊಬ್ಬ ಫೋಟೋ ಮುಗಿಸಿ ಜಿಗಿದ.

'ಎಲ್ಲಿತ್ತು?'
ಡಿಪೋದಲ್ಲಿ, ಅಂದೆ. ನೀಲಿ ಬಣ್ಣದ ನಂಬರು ಮಾತ್ರ ನೆನಪಿದೆ, ನಾಲ್ಕುನೂರ ಹದಿನೇಳು.
'ಹಣ್ಣಾಗಿತ್ತೋ, ಕಡಿಯೂವಾಗೆ?'
ಗೊತ್ತಿಲ್ಲ.
'ಚಕ್ಕೆ ಎಲ್ಲಾ ಎಂತಾ ಮಾಡ್ದೆ?'
ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು.
ಬಚ್ಚಲ ಒಲೆಗೆ, ಅಂದೆ.
ಇಡೀ ಚಳಿಗಾಲ ನಮ್ಮ ಮನೆಯಲ್ಲಿ
ಬಿಸಿನೀರಿಗೆ ತತ್ವಾರವಿರಲಿಲ್ಲ. ಹೆಂಡತಿ ಹೊಗಳಿದ್ದಳು,
ಹೊಗೆಯೇ ಇಲ್ಲದ ಉರಿ ಅಂತ.
ಇದನ್ನು ಹೇಳಲಿಲ್ಲ.

ಬಯ್ಯಬಹುದಿತ್ತು ಅವಳು. ಬಯ್ದಿದ್ದರೆ
ಸಾಹೇಬರ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ.
ನಳದ ಹತ್ತಿರ ಹೋಗಿ ಕಾಲು ತೊಳೆದಳು,
ತಲೆಗೆ ಒಂದು ಬೊಗಸೆ ನೀರು ಹೊಯ್ದುಕೊಂಡಳು,
ಹರಿವೆಯ ಮೇಲೂ ಒಂದಿಷ್ಟು ಚಿಮುಕಿಸಿದಳು, ಬಾಡಬಾರದಲ್ಲ.
ತಿರುಗಿ ಬಂದು ನನ್ನ ಕೈಯಿಂದ ಡಬ್ಬಿ ಇಸಿದುಕೊಂಡಳು.
'ಹಚ್ಚು. ನಾ ಹಿಡ್ಕಂತೆ.'

ಹಚ್ಚಿದೆ. ಸೀಳಿಗೆ, ಕಿವಿಯ ಹಿಂದೆ, ಕೊರಳಿಗೆ.
ಎಣ್ಣೆ ಕುಡಿದಂತೆಲ್ಲ ಮರ ಕಪ್ಪಾಗುತ್ತ ಬಂತು,
ದಡದಲ್ಲಿ ಮಗುಚಿಟ್ಟ ದೋಣಿಯ ಬಣ್ಣ.
ಅವಳು ಮರ ಮುಟ್ಟಲಿಲ್ಲ,
ಡಬ್ಬಿಯನ್ನೂ ಕೆಳಗಿಡಲಿಲ್ಲ.

ಐದು ಗಂಟೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.
'ಅಲ್ಲಿ ಬಿಟ್ಟೋಯ್ತು' ಅಂದಳು.
ಕಡವೆಯ ಹೊಟ್ಟೆಯಡಿ, ನೆರಳಿನಲ್ಲಿ, ಒಂದು ಗಂಟು:
ಉಳಿಗೆ ಬಗ್ಗದೆ ಎರಡು ದಿನ ತಿಂದದ್ದು,
ಯಾರಿಗೂ ಕಾಣದಿರಲೆಂದೇ ನಾನು
ರೋಮದ ಗೆರೆ ಎಳೆದು ಮುಚ್ಚಿದ್ದು.
ಗುಡಿಗಾರರ ಕಣ್ಣಿಗೂ ಬೀಳದ್ದು.

'ಅಲ್ಲೇ. ಗಂಟಿನ ಹತ್ರ,' ಅಂದಳು,
'ಹೆಣೆ ಇತ್ತಲ್ಲ, ಅಲ್ಲಿ.'